‘ಅವ್ವಾ, ನಾ ನಿನ್ನ ಮಗಾನ ಹೌದಿಲ್ಲೋ?’

ಮೇಡಂ,

ನಾವು ಗದಗ ಜಿಲ್ಲೆಯವರು. ಗಂಡ ಟಂಟಂ ಓಡಿಸುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನಮಗೆ ಒಬ್ಬನೇ ಮಗ, ಐದು ವರ್ಷ. ನಾವಿಬ್ಬರೂ ಕಪ್ಪು. ಮಗ ಮಾತ್ರ ಬೆಳ್ಳಗೆ, ಕೆಂಚುಗೂದಲು, ಬೆಕ್ಕಿನ ಕಣ್ಣು. ಹುಟ್ಟಿದಾಗಿನಿಂದ ಓಣಿಯವರೆಲ್ಲ ‘ಕೆಂಚ’ ಅಂತಲೇ ಕರೆಯುತ್ತಾರೆ.

ಕೆಲವು ತಿಂಗಳ ಹಿಂದೆ ಜಾತ್ರೆಗೆ ಹೋಗಿದ್ದೆವು. ಮಗನಿಗೆ ನಿದ್ದೆ ಬಂದು ರಂಪ ಮಾಡುತ್ತಿದ್ದ, ಕೈ ಕೊಸರಿಕೊಂಡು ಅಳುತ್ತಿದ್ದ. ಒಬ್ಬ ಹುಡುಗ ಬಂದು ‘ಈ ಕೂಸು ನಿಮ್ದ ಹೌದೇನ್ರಿ?’ ಅಂದ. ನನಗೆ ಸಿಟ್ಟು ಬಂತು, ಏನೋ ಅಂದುಬಿಟ್ಟೆ. ಅವನು ಮೊಬೈಲಿನಲ್ಲಿ ಕಾಣೆಯಾದ ಹುಡುಗನೊಬ್ಬನ ಫೋಟೊ ತೆಗೆದು ಪಕ್ಕದವರಿಗೆ ತೋರಿಸಿದ. ನೋಡನೋಡುತ್ತಲೇ ಜನ ಸೇರಿದರು. ಮಗನನ್ನು ನನ್ನ ಕೈಯಿಂದ ಕಿತ್ತುಕೊಂಡರು, ಗಂಡನ ಅಂಗಿ ಹರಿದರು, ಕೆನ್ನೆಗೆ ಹೊಡೆದರು. ಅಷ್ಟರಲ್ಲಿ ಪೊಲೀಸರು ಬಂದದ್ದಕ್ಕೆ ಉಳಿದೆವು. ಠಾಣೆಯಲ್ಲೂ ಮೊಬೈಲಿನಲ್ಲಿ ಏನೋ ನೋಡಿ ‘ಮ್ಯಾಚ್ ಆಗ್ಲಿಕತ್ತದ’ ಅಂದರು. ನಾದಿನಿ ಊರಿನಿಂದ ತಾಯಿ ಕಾರ್ಡ್, ಜನನ ಪ್ರಮಾಣಪತ್ರ ತಂದು ಕೊಟ್ಟಳು. ಆದರೂ ಆ ಕಡೆಯವರು ಬಂದು ನೋಡಲಿ ಅಂತ ರಾತ್ರಿಯೆಲ್ಲ ಕೂರಿಸಿದರು. ಮಗ ಬೆಂಚಿನ ಮೇಲೆ ಮಲಗಿದ.

ಬೆಳಿಗ್ಗೆ ಆ ಹುಡುಗನ ತಾಯಿ ಬಂದಳು. ಬಂದವಳೇ ನನ್ನ ಮಗನನ್ನು ಅಪ್ಪಿಕೊಂಡು ‘ಇವ ನನ್ನ ಮಗಾನ’ ಅಂತ ಚೀರಿದಳು. ಆಮೇಲೆ ಅವನ ಕಿವಿಯ ಹಿಂದೆ ಏನೋ ಹುಡುಕಿದಳು. ಸಿಗಲಿಲ್ಲ. ‘ಇವ ಅಲ್ಲ’ ಅಂದು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಮ್ಮನ್ನು ಬಿಟ್ಟು ಕಳಿಸಿದರು.

ಅಂದಿನಿಂದ ಮಗ ನನ್ನ ಸೆರಗು ಬಿಡುವುದಿಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಾನೆ. ರಾತ್ರಿ ಎದ್ದು ‘ಅವ್ವಾ, ನಾ ನಿನ್ನ ಮಗಾನ ಹೌದಿಲ್ಲೋ? ಮಾಮಾ ಹೇಳಿದ್ದು ಖರೇನ?’ ಅಂತ ಕೇಳುತ್ತಾನೆ. ನನ್ನ ತಮ್ಮ ಅವನನ್ನು ಮೊದಲಿನಿಂದಲೂ ‘ನಿನ್ನ ಜಾತ್ರ್ಯಾಗ ತೌಡು ಕೊಟ್ಟು ತಂದೀವಿ’ ಅಂತ ಆಡಿಸುತ್ತಿದ್ದ. ಗಂಡ ಮಗನ ಕೂದಲಿಗೆ ಕಪ್ಪು ಬಣ್ಣ ಹಾಕಿಸೋಣ, ಪೊಲೀಸರ ಮೇಲೆ ಕೇಸು ಹಾಕೋಣ ಅನ್ನುತ್ತಾರೆ. ಗಂಡನ ಮನೆ ಕಡೆ ಕೆಲವರು ‘ಪೊಲೀಸರಿಗೇ ಅನುಮಾನ ಬಂತಂದ್ರ ಏನೋ ಇರಬೇಕು, ಡಿಎನ್‌ಎ ಮಾಡಿಸಿಬಿಡ್ರಿ’ ಅಂತ ಪಿಸುಗುಡುತ್ತಾರೆ. ಆ ಮಾತಿನ ಅರ್ಥ ನನಗೆ ಗೊತ್ತು. ಅಂದು ಜನ ತೆಗೆದ ಮಗನ ಫೋಟೊ ಈಗಲೂ ವಾಟ್ಸ್‌ಆ್ಯಪಿನಲ್ಲಿ ತಿರುಗುತ್ತಿದೆ. ಕಿರಾಣಿ ಅಂಗಡಿಗೆ ಹೋಗುವಾಗಲೂ ಕಾಗದಪತ್ರ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಆ ಹೆಣ್ಣುಮಗಳ ಮೇಲೆ ಸಿಟ್ಟೂ ಬರುತ್ತದೆ, ಅವಳ ಮುಖ ನೆನಪಾಗಿ ಅಳುವೂ ಬರುತ್ತದೆ. ನಾನೇನು ಮಾಡಲಿ?

— ಒಬ್ಬ ತಾಯಿ

*

ಅಮ್ಮಾ,

ನಿಮ್ಮ ಪತ್ರದಲ್ಲಿ ನಾಲ್ಕೈದು ಕಷ್ಟಗಳು ಒಂದರ ಮೇಲೊಂದು ಬಿದ್ದಿವೆ. ಕೇಸು, ಫೋಟೊ, ಗಂಡನ ಕಡೆಯವರ ಪಿಸುಮಾತು ಎಲ್ಲವೂ ಭಾರವಾದವೇ. ಆದರೆ ಅವು ಒಂದು ವಾರ ಕಾಯಬಲ್ಲವು. ಮಧ್ಯರಾತ್ರಿ ಎದ್ದು ಕೂತು ಕೇಳುವ ಮಗನ ಪ್ರಶ್ನೆ ಕಾಯುವುದಿಲ್ಲ. ಅಲ್ಲಿಂದಲೇ ಹಿಡಿಯೋಣ.

ಅವನು ಕೇಳುತ್ತಿರುವುದನ್ನು ಸರಿಯಾಗಿ ಗಮನಿಸಿ. ಪೊಲೀಸರ ಬಗ್ಗೆ ಕೇಳುತ್ತಿಲ್ಲ, ಗದ್ದಲದ ಬಗ್ಗೆ ಕೇಳುತ್ತಿಲ್ಲ. ‘ಮಾಮಾ ಹೇಳಿದ್ದು ಖರೇನ’ ಅನ್ನುತ್ತಿದ್ದಾನೆ. ತೌಡು ಕೊಟ್ಟು ತಂದದ್ದು, ತಿಪ್ಪೆಯಲ್ಲಿ ಸಿಕ್ಕಿದ್ದು ಎಂದು ಮಕ್ಕಳನ್ನು ಆಡಿಸದ ಮನೆ ನಮ್ಮಲ್ಲಿ ಅಪರೂಪ. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ; ಮಗು ಮುಖ ಸಣ್ಣದು ಮಾಡಿಕೊಂಡು ತಾಯಿಯ ಕಡೆ ಓಡಿದರೆ ಎಲ್ಲರೂ ನಗುತ್ತಾರೆ, ತಾಯಿ ಎತ್ತಿಕೊಳ್ಳುತ್ತಾಳೆ, ಅಲ್ಲಿಗೆ ಆಟ ಮುಗಿಯುತ್ತದೆ. ನಿಮ್ಮ ಮಗನ ಪಾಲಿಗೆ ಆ ಆಟ ಮುಗಿಯಲಿಲ್ಲ. ಜಾತ್ರೆಯಲ್ಲಿ ತಂದೆವು ಎಂದು ಮಾಮ ಹೇಳಿದ್ದ. ಜಾತ್ರೆಯಲ್ಲೇ ಜನ ಬಂದು ಇವನು ಇವರ ಮಗನಲ್ಲ ಎಂದರು. ಖಾಕಿ ಹಾಕಿದವರೂ ಅದನ್ನೇ ಕೇಳಿದರು. ಕೊನೆಗೆ ಗುರುತಿಲ್ಲದ ಹೆಂಗಸೊಬ್ಬಳು ಬಂದು ‘ನನ್ನ ಮಗ’ ಎಂದು ಅಪ್ಪಿಕೊಂಡಳು. ಐದು ವರ್ಷದ ಬುದ್ಧಿಗೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಿವೆ. ಮಾಮ ಹೇಳಿದ್ದೇ ನಿಜವಿರಬೇಕು ಎಂಬ ಲೆಕ್ಕಕ್ಕೆ ಅವನು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಮೊದಲ ಕೆಲಸ ನಿಮ್ಮ ತಮ್ಮನದು. ಅವನನ್ನು ಕರೆಸಿ. ಹಗಲು ಹೊತ್ತು, ಮಗ ಉಂಡು ಆಡುತ್ತಿರುವಾಗ, ಅವನೇ ಕೂತು ಹೇಳಬೇಕು: ‘ನಾ ಹೇಳಿದ್ದು ಸುಳ್ಳು. ನಗಸಾಕ ಹೇಳಿದ್ದೆ. ನೀ ನಮ್ಮಕ್ಕನ ಹೊಟ್ಯಾಗ ಹುಟ್ಟೀದಿ, ನೀ ಹುಟ್ಟಿದಾಗ ನಾ ದವಾಖಾನ್ಯಾಗ ಇದ್ದೆ.’ ಅವನು ಇದ್ದಿರದಿದ್ದರೆ ಯಾರು ಇದ್ದರೋ ಅವರು ಹೇಳಲಿ, ಅಜ್ಜಿ ಹೇಳಲಿ, ತಾಯಿ ಕಾರ್ಡ್ ಮಾಡಿಸಿಕೊಟ್ಟ ಆಶಾ ಕಾರ್ಯಕರ್ತೆ ಊರಲ್ಲೇ ಇದ್ದರೆ ಅವರೂ ಹೇಳಲಿ. ಮಕ್ಕಳಿಗೆ ತಾವು ಹುಟ್ಟಿದ ದಿನದ ಕಥೆ ಎಷ್ಟು ಸಲ ಕೇಳಿದರೂ ಸಾಲದು. ಅಂದು ಮಳೆ ಬಂದಿತ್ತೋ, ಅಪ್ಪ ಟಂಟಂನಲ್ಲಿ ಕರೆದುಕೊಂಡು ಹೋದರೋ, ಮೊದಲು ಎತ್ತಿಕೊಂಡವರು ಯಾರು, ಮೊದಲು ಹಾಕಿದ ಕುಲಾವಿಯ ಬಣ್ಣ ಯಾವುದು, ಎಲ್ಲ ಹೇಳಿ. ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಕಥೆ, ಅದೇ ವಿವರ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಬಾರದು. ಇನ್ನು ಮುಂದೆ ಆ ತಮಾಷೆ ಯಾರ ಬಾಯಲ್ಲೂ ಬರಬಾರದು. ಬಂದರೆ ಅಲ್ಲೇ ತಡೆಯಿರಿ, ಹಿರಿಯರಾದರೂ ಸರಿ.

ಜಾತ್ರೆಯಲ್ಲಿ ಏನಾಯಿತು ಎಂಬುದನ್ನೂ ಮುಚ್ಚಿಡಬೇಡಿ. ಅವನು ಎಲ್ಲವನ್ನೂ ನೋಡಿದ್ದಾನೆ. ದೊಡ್ಡವರು ಆ ಮಾತೇ ಎತ್ತದಿದ್ದರೆ ಏನೋ ಕೆಟ್ಟದ್ದು ಬಚ್ಚಿಟ್ಟಿದ್ದಾರೆ ಎಂದುಕೊಳ್ಳುತ್ತಾನೆ. ಸಣ್ಣ ಸಣ್ಣ ಮಾತಿನಲ್ಲಿ ಹೇಳಿ: ಒಬ್ಬ ಹುಡುಗ ತಪ್ಪಿಸಿಕೊಂಡಿದ್ದಾನೆ, ಅವನ ಅವ್ವ ಹುಡುಕುತ್ತಿದ್ದಾಳೆ. ಅವನು ನಿನ್ನ ಹಾಗೆ ಕಾಣುತ್ತಾನೆ, ಅದಕ್ಕೆ ಜನ ತಪ್ಪು ತಿಳಿದರು. ಆಮೇಲೆ ಅವನ ಅವ್ವನೇ ಬಂದು ನೋಡಿ, ಇವನು ಬೇರೆ ಹುಡುಗ ಎಂದು ಹೇಳಿದಳು. ನೀನು ಏನೂ ತಪ್ಪು ಮಾಡಿಲ್ಲ. ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಅಂದು ಅವನು ರಂಪ ಮಾಡುತ್ತಿದ್ದ, ಕೈ ಕೊಸರಿಕೊಂಡಿದ್ದ ಎಂದು ನೀವೇ ಬರೆದಿದ್ದೀರಿ. ನಾನು ಅತ್ತದ್ದಕ್ಕೇ ಇದೆಲ್ಲ ಆಯಿತು ಎಂದು ಅವನಿಗೆ ಅನಿಸಿರಬಹುದು. ಹಾಗೆಯೇ ‘ಹಟ ಮಾಡಿದ್ರ ಪೊಲೀಸರಿಗೆ ಕೊಡ್ತೀನಿ’ ಎಂಬ ಹೆದರಿಕೆಯ ಮಾತು ನಿಮ್ಮ ಮನೆಯಲ್ಲಿ ಇದ್ದರೆ ಅದನ್ನೂ ಬಿಡಿ.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಬೇರೆಯವರ ಮುಂದೆ ಆಡಬೇಡಿ. ದೊಡ್ಡ ಹೆದರಿಕೆಯ ನಂತರ ಈ ವಯಸ್ಸಿನ ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವುದುಂಟು, ಸಾಮಾನ್ಯವಾಗಿ ನಿಂತೂ ಹೋಗುತ್ತದೆ. ಆದರೆ ನಿಮ್ಮ ಮಗನಿಗೆ ಆಗಲೇ ಕೆಲವು ತಿಂಗಳು ಕಳೆದಿವೆ. ಹಾಗಾಗಿ ಕಾಯುತ್ತಾ ಕೂರದೆ ಒಮ್ಮೆ ತೋರಿಸಿಬಿಡಿ. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಅಲ್ಲಿಗೆ ಹೋಗುವ ಮೊದಲು ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೂ ಗಂಡನಿಗೂ ಅದರ ಅಗತ್ಯವಿದೆ ಎಂದು ನನಗೆ ಅನಿಸುತ್ತದೆ. ಹೆಂಡತಿ ಮಗನ ಎದುರಿಗೇ ಹೊಡೆಸಿಕೊಂಡ ಗಂಡಸು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಸು ಹಾಕೋಣ ಎನ್ನುತ್ತಾನೆ. ಅವರನ್ನು ಮೊದಲು ‘ನಿಮಗೆ ಎಷ್ಟು ನೋವಾಯಿತು’ ಎಂದು ಕೇಳಿ.

ಕೂದಲಿಗೆ ಕಪ್ಪು ಬಣ್ಣ ಖಂಡಿತ ಬೇಡ. ಅಂಗಡಿಯ ಹೇರ್ ಡೈ ಮಕ್ಕಳ ಚರ್ಮಕ್ಕೆ ಅಲರ್ಜಿ ತರಬಹುದು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ನಿನ್ನ ಕೂದಲಿನಿಂದಲೇ ಹೀಗಾಯಿತು ಎಂದು ನೀವೇ ಅವನಿಗೆ ಹೇಳಿಕೊಟ್ಟ ಹಾಗಾಗುತ್ತದೆ.

ಇಂಥದ್ದು ನಿಮಗೊಬ್ಬರಿಗೇ ಆಯಿತು ಎಂದುಕೊಳ್ಳಬೇಡಿ. 2007ರ ಮೇ ತಿಂಗಳಲ್ಲಿ ಪೋರ್ಚುಗಲ್ ದೇಶದ ಪ್ರಾಯಾ ದ ಲೂಜ್ ಎಂಬಲ್ಲಿ ಮ್ಯಾಡಲಿನ್ ಮೆಕ್ಯಾನ್ ಎಂಬ ಬ್ರಿಟಿಷ್ ಬಾಲಕಿ ಕಾಣೆಯಾದಳು. ಅವಳ ಫೋಟೊ ಜಗತ್ತಿನ ಮೂಲೆಮೂಲೆಗೂ ಹೋಯಿತು. ಆ ಆಗಸ್ಟ್‌ನಲ್ಲಿ ಉತ್ತರ ಮೊರಾಕ್ಕೊದ ಝಿನಾತ್ ಎಂಬ ಹಳ್ಳಿಯ ದಾರಿಯಲ್ಲಿ ಸ್ಪೇನಿನ ಪ್ರವಾಸಿಯೊಬ್ಬರು ಕಾರಿನಿಂದ ಒಂದು ಫೋಟೊ ತೆಗೆದರು. ಹೆಂಗಸೊಬ್ಬಳು ಹೊಂಗೂದಲಿನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಆ ಚಿತ್ರ ಪತ್ರಿಕೆಗಳಲ್ಲಿ ಬಂದು ಇವಳೇ ಅವಳಿರಬಹುದು ಎಂದು ಲೋಕವೆಲ್ಲ ನೋಡಿತು. ಪತ್ರಕರ್ತರು ಹಳ್ಳಿ ಹುಡುಕಿಕೊಂಡು ಹೋದರೆ ಅದು ಆಲಿವ್ ಬೆಳೆಯುವ ರೈತ ಕುಟುಂಬ, ಆ ಹೆಂಗಸು ಮಗುವಿನ ತಾಯಿ. ರಿಫ್ ಬೆಟ್ಟಗಳ ಆ ಸೀಮೆಯಲ್ಲಿ ಹೊಂಗೂದಲಿನ ಮಕ್ಕಳು ತಲೆತಲಾಂತರದಿಂದ ಹುಟ್ಟುತ್ತಲೇ ಇದ್ದಾರೆ. ಅದು ದೂರದಿಂದ ನೋಡಿದವರಿಗೆ ಗೊತ್ತಿರಲಿಲ್ಲ.

ನಿಮ್ಮ ಕಥೆಗೆ ಇನ್ನೂ ಹತ್ತಿರದ್ದು ಐರ್ಲೆಂಡಿನದು. 2013ರ ಅಕ್ಟೋಬರ್‌ನಲ್ಲಿ ಗ್ರೀಸ್‌ನಲ್ಲಿ ರೋಮಾ ಎಂಬ ಅಲ್ಪಸಂಖ್ಯಾತ ಜನಾಂಗದವರ ಕೇರಿಯೊಂದರಲ್ಲಿ ಹೊಂಗೂದಲಿನ ಬಾಲೆಯೊಬ್ಬಳು ಸಿಕ್ಕಳು, ಸಾಕುತ್ತಿದ್ದವರು ಹೆತ್ತವರಲ್ಲ ಎಂದು ದೊಡ್ಡ ಸುದ್ದಿಯಾಯಿತು. ಅವಳ ಹೆತ್ತವರೂ ಬಲ್ಗೇರಿಯಾದ ರೋಮಾ ದಂಪತಿಯೇ ಎಂದು ಗೊತ್ತಾದದ್ದು ಆಮೇಲೆ. ಆ ಸುದ್ದಿಯ ಬಿಸಿಯಲ್ಲೇ ಐರ್ಲೆಂಡಿನ ಡಬ್ಲಿನ್ ಬಳಿಯ ಟಾಲಾದಲ್ಲಿ ಏಳು ವರ್ಷದ ಹುಡುಗಿಯನ್ನು, ಅಥ್ಲೋನ್ ಪಟ್ಟಣದಲ್ಲಿ ಎರಡು ವರ್ಷದ ಹುಡುಗನನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಎರಡೂ ರೋಮಾ ಕುಟುಂಬಗಳು. ಮಕ್ಕಳು ಬೆಳ್ಳಗೆ, ತಂದೆ ತಾಯಿ ಕಪ್ಪು. ಹುಡುಗಿಯ ಮನೆಯವರು ಕಾಗದಪತ್ರ ಕೊಟ್ಟರೂ ನಂಬಲಿಲ್ಲ. ಎರಡು ರಾತ್ರಿ ಅವಳು ಮನೆಯವರಿಂದ ದೂರ ಕಳೆದಳು. ಡಿಎನ್‌ಎ ವರದಿ ಬಂದು ಸ್ವಂತ ಮಗಳೇ ಎಂದಾದ ಮೇಲೆ ಮನೆಗೆ ಬಿಟ್ಟರು. ಹುಡುಗನೂ ಮರುದಿನ ಮನೆ ಸೇರಿದ.

ಆ ದೇಶದ ಮಕ್ಕಳ ಒಂಬುಡ್ಸ್‌ಮನ್ ಆಗಿದ್ದ ಎಮಿಲಿ ಲೋಗನ್ ಇದರ ವಿಚಾರಣೆ ನಡೆಸಿ 2014ರಲ್ಲಿ ವರದಿ ಕೊಟ್ಟರು. ಕುಟುಂಬ ರೋಮಾ ಜನಾಂಗದ್ದು ಎಂಬುದೇ ಪೊಲೀಸರ ತೀರ್ಮಾನದ ಮೇಲೆ ಭಾರ ಹಾಕಿತ್ತು ಎಂದು ಅದರಲ್ಲಿ ಬರೆದರು. ಸರ್ಕಾರ ಕ್ಷಮೆ ಕೇಳಿತು. ನನಗೆ ಮುಖ್ಯವೆನಿಸುವುದು ಆ ಕ್ಷಮೆ. ಮಗು ಮನೆಗೆ ಬಂತಲ್ಲ, ಇನ್ನೇನು ಎಂದು ಅವರು ಕೈತೊಳೆದುಕೊಳ್ಳಲಿಲ್ಲ.

ನಿಮಗೂ ಯಾರಾದರೂ ಕ್ಷಮೆ ಕೇಳಬೇಕಿತ್ತು. ಆದರೆ ಯಾವುದಕ್ಕೆ ಎಂಬುದನ್ನು ಬೇರ್ಪಡಿಸಿ ನೋಡಿ. ಕೇಳಿದ್ದಕ್ಕಲ್ಲ. ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಅಪಹರಣ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಎಲ್ಲೋ ಹೋಗಿರಬೇಕು, ಬರ್ತಾನೆ ಬಿಡಿ’ ಎಂದು ಠಾಣೆಗಳು ಹೇಳಿ ಕಳಿಸಿದ್ದರಿಂದ ಎಷ್ಟೋ ಮಕ್ಕಳು ಕೈತಪ್ಪಿದ ಮೇಲೆ ಬಂದ ಆದೇಶ ಅದು. ನಾಳೆ ನಿಮ್ಮ ಮಗ ಕೈತಪ್ಪಿದರೆ ಯಾರಾದರೂ ನಿಂತು ನೋಡಲಿ, ಕೇಳಲಿ ಎಂದೇ ನೀವೂ ಬಯಸುತ್ತೀರಿ. ತಪ್ಪಾದದ್ದು ಉತ್ತರ ಬರುವ ಮೊದಲೇ ಕೈ ಎತ್ತಿದ್ದು, ಫೋಟೊ ಹರಿಬಿಟ್ಟದ್ದು, ತಾಯಿ ಕಾರ್ಡನ್ನೂ ಜನನ ಪ್ರಮಾಣಪತ್ರವನ್ನೂ ಪಕ್ಕಕ್ಕಿಟ್ಟು ಮೊಬೈಲಿನ ಹೋಲಿಕೆಯನ್ನು ನಂಬಿದ್ದು, ಪುಟ್ಟ ಮಗುವನ್ನು ರಾತ್ರಿಯೆಲ್ಲ ಠಾಣೆಯ ಬೆಂಚಿನ ಮೇಲೆ ಮಲಗಿಸಿದ್ದು. ನಿಜವಾದ ಸಂದೇಹವಿದ್ದರೆ ಮಗುವನ್ನು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವ ದಾರಿಯನ್ನು 2015ರ ಬಾಲನ್ಯಾಯ ಕಾಯ್ದೆ ಹಾಕಿಕೊಟ್ಟಿದೆ.

ಮೊಬೈಲಿನ ‘ಮ್ಯಾಚ್’ ಬಗ್ಗೆ ಒಂದು ಮಾತು. ಕಾಣೆಯಾದ ಮಕ್ಕಳನ್ನು ಹುಡುಕಲು ದೆಹಲಿ ಪೊಲೀಸರು ಮುಖ ಹೋಲಿಸುವ ತಂತ್ರಾಂಶ ತಂದಿದ್ದರು. ಅದರ ನಿಖರತೆ ಶೇ 1ಕ್ಕಿಂತ ಕಡಿಮೆ, ಹುಡುಗ ಹುಡುಗಿಯ ವ್ಯತ್ಯಾಸವೂ ಅದಕ್ಕೆ ತಿಳಿಯುತ್ತಿಲ್ಲ ಎಂದು 2019ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ ದೆಹಲಿ ಹೈಕೋರ್ಟಿಗೆ ತಿಳಿಸಿತು. ಮಕ್ಕಳ ಮುಖ ಬೆಳೆದಂತೆ ಬದಲಾಗುತ್ತದೆ. ಹೆತ್ತ ತಾಯಿಯೇ ಒಂದು ಗಳಿಗೆ ನಿಮ್ಮ ಮಗನನ್ನು ತನ್ನವನೆಂದುಕೊಂಡಳಲ್ಲವೇ?

ಅಂದು ಪೊಲೀಸರು ಬಂದದ್ದರಿಂದ ಉಳಿದಿರಿ ಎಂದು ಬರೆದಿದ್ದೀರಿ. ಅದು ನಿಜ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಗೆ ದೇಶದಲ್ಲಿ ಹಲವರು ಬಲಿಯಾದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ ಹೈದರಾಬಾದಿನ ಎಂಜಿನಿಯರನ್ನು ಜನ ಹೊಡೆದು ಕೊಂದರು. ಆಗ ಹರಿದಾಡಿದ ಒಂದು ವಿಡಿಯೊ, ಮಕ್ಕಳ ಸುರಕ್ಷತೆಯ ಅರಿವಿಗಾಗಿ ಕರಾಚಿಯಲ್ಲಿ ಮಾಡಿದ್ದು. ಬೈಕಿನವರು ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗ ಕತ್ತರಿಸಿ ಹಂಚಿದ್ದರು. ಈ ಅಂಕಣ ಓದುವ ಉಳಿದವರಿಗೂ ನನ್ನ ಬೇಡಿಕೆ: ಸಂದೇಹ ಬಂದರೆ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ, ಅವರು ಬರುವತನಕ ಹತ್ತಿರದಲ್ಲಿರಿ. ಫೋಟೊ ತೆಗೆಯಬೇಡಿ, ಗುಂಪು ಸೇರಿಸಬೇಡಿ.

ನಿಮ್ಮ ಗಂಡನ ಕೇಸಿನ ಮಾತಿಗೆ ಬರೋಣ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೀವೇ ಹೋಗಿ. ನನ್ನನ್ನು ಕೇಳಿದರೆ ಮೊದಲು ಫೋಟೊದ ದಾರಿ ಹಿಡಿಯಿರಿ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ರಕ್ಷಣೆ ಬೇಕಿರುವ ಮಗುವಿನ ಚಿತ್ರ, ಹೆಸರು, ವಿಳಾಸ ಬಯಲು ಮಾಡುವುದನ್ನು ನಿಷೇಧಿಸುತ್ತದೆ. ನಿಮ್ಮ ಪ್ರಕರಣದಲ್ಲಿ ಅದನ್ನು ಹೇಗೆ ಬಳಸಬಹುದು ಎಂದು ವಕೀಲರನ್ನು ಕೇಳಿ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ನಡೆದದ್ದನ್ನು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ಈ ಓಡಾಟಕ್ಕೆಲ್ಲ ಮಗನನ್ನು ಕರೆದೊಯ್ಯಬೇಡಿ, ಅವನ ಮುಂದೆ ಇದರ ಮಾತು ಬೇಡ. ಕಾಗದಪತ್ರಗಳನ್ನು ಡಿಜಿಲಾಕರ್‌ಗೆ ಹಾಕಿ, ಮೊಬೈಲಿನಲ್ಲಿ ಒಂದು ಪ್ರತಿ ಇರಲಿ. ದೂರದ ಊರಿಗೆ ಹೊರಟಾಗ ಅಷ್ಟು ಸಾಕು. ಕಿರಾಣಿ ಅಂಗಡಿಗೆ ಚೀಲ ಒಯ್ಯುವುದನ್ನು ಮಾತ್ರ ಇಂದೇ ನಿಲ್ಲಿಸಿ. ಅವ್ವ ಹೊರಗೆ ಹೊರಟಾಗಲೆಲ್ಲ ಆ ಕಾಗದ ಹುಡುಕುವುದನ್ನು ಅವನು ನೋಡುತ್ತಿದ್ದಾನೆ.

ಡಿಎನ್‌ಎ ಮಾಡಿಸಿ ಎನ್ನುವವರಿಗೆ ನೀವು ಉತ್ತರ ಕೊಡಬೇಕಾದ್ದೇ ಇಲ್ಲ. ಅಜ್ಜನ ಅಪ್ಪನದೋ ಅಜ್ಜಿಯ ಅವ್ವನದೋ ಕಣ್ಣಿನ ಬಣ್ಣ, ಕೂದಲಿನ ಬಣ್ಣ ಎರಡು ಮೂರು ತಲೆಮಾರು ಒಳಗೇ ಹರಿದು, ಎರಡೂ ಕಡೆಯಿಂದ ಕೂಡಿದಾಗ ಒಂದು ಮಗುವಿನಲ್ಲಿ ಹೊರಗೆ ಬರುತ್ತದೆ. ಹೆತ್ತವರಿಬ್ಬರೂ ಕಪ್ಪಾಗಿದ್ದೂ ಮಗು ಕೆಂಚಗಿರುವುದು ಹೀಗೆ. ನಿಮ್ಮಿಬ್ಬರ ಹಿರಿಯರಲ್ಲಿ ಅಂಥವರು ಯಾರಿದ್ದರು ಎಂದು ಮನೆಯ ಮುದುಕರನ್ನು ಕೇಳಿದರೆ ಹೆಸರು ಸಿಕ್ಕರೂ ಸಿಗಬಹುದು. ಇನ್ನು ಕಾನೂನಿನ ಮಾತು: ದಾಂಪತ್ಯದಲ್ಲಿ ಹುಟ್ಟಿದ ಮಗು ಆ ದಂಪತಿಯದೇ ಎಂದು ನ್ಯಾಯಾಲಯ ಎಣಿಸುತ್ತದೆ. ಮಕ್ಕಳನ್ನು ಸುಮ್ಮಸುಮ್ಮನೆ ಡಿಎನ್‌ಎ ಪರೀಕ್ಷೆಗೆ ಒಡ್ಡಬಾರದು ಎಂದು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಗಂಡ ಹೆಂಡಿರ ಜಗಳದಲ್ಲೇ ಕೋರ್ಟು ಅಷ್ಟು ಹಿಂಜರಿಯುವಾಗ, ಗಂಡನ ಕಡೆಯವರ ಬಾಯಿ ಮುಚ್ಚಿಸಲು ಮಗನ ರಕ್ತ ತೆಗೆಸುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ. ಈ ಮಾತನ್ನು ನಿಮ್ಮ ಗಂಡ ಆಡಬೇಕು, ನೀವಲ್ಲ. ನೀವು ಆಡಿದರೆ ಅಂಜಿದ್ದಾಳೆ ಎನ್ನುತ್ತಾರೆ. ‘ಅವ ನನ್ನ ಮಗ, ಇನ್ನೊಮ್ಮೆ ಈ ಮಾತು ತೆಗೀಬ್ಯಾಡ್ರಿ’ ಎಂದು ಅವರು ತಮ್ಮವರ ಎದುರು ಒಂದೇ ಸಲ, ಗಟ್ಟಿಯಾಗಿ ಹೇಳಿದರೆ ಸಾಕು. ಪತ್ರದ ಈ ಭಾಗವನ್ನು ಅವರಿಗೆ ಓದಿ ಹೇಳಿ.

ಆ ಹೆಣ್ಣುಮಗಳ ಮೇಲೆ ಸಿಟ್ಟು ಬಂದದ್ದಕ್ಕೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಬೇರೆ ಯಾರೋ ಬಂದು ನಿಮ್ಮ ಮಗನನ್ನು ತನ್ನವನೆಂದು ಅಪ್ಪಿಕೊಂಡಾಗ ಸಿಟ್ಟು ಬರದಿದ್ದರೆ ಹೇಗೆ? ಅಳು ಬರುವುದೂ ಸರಿಯೇ. ಕಾಣೆಯಾದ ಮಗನನ್ನು ಹುಡುಕುವ ತಾಯಿಗೆ ಎದುರಿಗಿರುವ ಮುಖಕ್ಕಿಂತ ಮನಸ್ಸಿನಲ್ಲಿರುವ ಮುಖವೇ ಮೊದಲು ಕಾಣುತ್ತದೆ. ಆದರೂ ಕಿವಿಯ ಹಿಂದಿನ ಗುರುತು ಸಿಗದಾಗ ಅವಳು ಸುಳ್ಳು ಹೇಳಲಿಲ್ಲ, ಹಟ ಹಿಡಿಯಲಿಲ್ಲ. ನಿಮ್ಮ ಮಗ ನಿಮ್ಮ ಕೈಗೆ ಮರಳಿದ್ದು ಅವಳ ಒಂದು ಮಾತಿನಿಂದ. ಮಗನಿಗೆ ಇದನ್ನು ಹೇಳಬಹುದು. ಆ ಅಮ್ಮ ಅವನ ಕನಸಿನಲ್ಲಿ ಹೆದರಿಕೆಯಾಗಿ ಉಳಿಯುವುದು ಬೇಡ.

ಅವಳ ಮಗ ಸಿಕ್ಕನೋ ಇಲ್ಲವೋ ಎಂಬ ಯೋಚನೆ ನಿಮ್ಮನ್ನು ಬಿಡುತ್ತಿಲ್ಲ ಎಂದು ನನಗೆ ಅನಿಸುತ್ತದೆ. ಆ ಠಾಣೆಗೆ ಫೋನ್ ಮಾಡಿ ವಿಚಾರಿಸಿ. ನಿಮಗೆ ಮಾತಾಡಲು ಮನಸ್ಸಿಲ್ಲದಿದ್ದರೆ ನಾದಿನಿ ಕೇಳಲಿ. ಅವಳ ಮನೆಗೆ ನೇರವಾಗಿ ಹೋಗಬೇಡಿ, ಮಗನನ್ನು ಕರೆದುಕೊಂಡಂತೂ ಹೋಗಲೇಬೇಡಿ. ನಿಮ್ಮ ಮಗನನ್ನು ನೋಡಿದರೆ ಅವಳ ಗಾಯ ಮತ್ತೆ ಬಿರಿಯುತ್ತದೆ. ಹುಡುಗ ಇನ್ನೂ ಸಿಕ್ಕಿಲ್ಲ ಎಂದಾದರೆ, ಪೊಲೀಸರು ಹೊರಡಿಸಿದ ಅವನ ಅಧಿಕೃತ ಪ್ರಕಟಣೆಯನ್ನು, ಠಾಣೆಯ ನಂಬರಿನ ಸಮೇತ, ಕೇಳಿ ತೆಗೆದುಕೊಳ್ಳಿ. ನಿಮ್ಮ ಮಗನ ಫೋಟೊ ಬಂದ ಗ್ರೂಪುಗಳಲ್ಲೇ ಅದನ್ನು ಹಾಕಿ, ‘ಮೊದಲು ಕಳಿಸಿದ ಫೋಟೊ ನಮ್ಮ ಮಗನದು, ಅಳಿಸಿಬಿಡಿ. ಕಾಣೆಯಾದ ಹುಡುಗ ಇವನು. ನೋಡಿದರೆ ಈ ಠಾಣೆಗೆ ಫೋನ್ ಮಾಡಿ’ ಎಂದು ಬರೆಯಿರಿ. ನಿಮ್ಮ ಗಂಡನಿಗೂ ಹೇಳಿ, ಟಂಟಂ ಸ್ಟ್ಯಾಂಡಿನವರ ಗ್ರೂಪಿನಲ್ಲಿ ಹಾಕಲಿ. ಊರೂರು ತಿರುಗುವವರು ಅವರು.